ಜೆಲ್‌ನೊಳಗಿನ ಗೋಳ

ಇಂದು ಬೆಳಿಗ್ಗೆ ಸೂಕ್ಷ್ಮದರ್ಶಕದಡಿ, ಮೃದುವಾದ ಜೆಲ್‌ನೊಳಗೆ ಬೆಳೆದ ಕಾಂಡಕೋಶಗಳ (ಬೇರೆ ಬಗೆಯ ಕೋಶಗಳಾಗಿ ಮಾರ್ಪಡಬಲ್ಲ ಕೋಶಗಳ) ಒಂದು ಪುಟ್ಟ ಗೋಳವನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಪ್ಲಾಸ್ಟಿಕ್ ತಟ್ಟೆಯ ಮೇಲೆ ಇವೇ ಕೋಶಗಳು ಚಪ್ಪಟೆಯಾಗಿ ಹರಡಿಕೊಳ್ಳುತ್ತವೆ. ಇಲ್ಲಿ ಎಲ್ಲ ದಿಕ್ಕಿನಿಂದಲೂ ನೆರೆಯವಕ್ಕೆ ಒತ್ತಿಕೊಂಡು ದುಂಡಗಿದ್ದವು.

ಇಂಥ ಕೋಶಗಳ ಜೀನ್‌ಗಳನ್ನು ತಿದ್ದಲು ಬಳಸುವ ಕ್ರಿಸ್ಪರ್ ಎಂಬ ಕತ್ತರಿ ಡಿಎನ್‌ಎಯನ್ನು ತುಂಡರಿಸುತ್ತದೆ, ಆದರೆ ಆ ಗಾಯವನ್ನು ಹೊಲಿಯುವುದು ಕೋಶವೇ. ನಾವು ಕೊಟ್ಟ ಮಾದರಿಯನ್ನು ಅನುಸರಿಸಿ ನಿಖರವಾಗಿ ಹೊಲಿಯುವ ಕ್ರಮವು ಮುಖ್ಯವಾಗಿ ಡಿಎನ್‌ಎ ನಕಲಾಗುವಾಗ ಮತ್ತು ಅದರ ನಂತರ, ವಿಭಜನೆಗೆ ಮುನ್ನ ನಡೆಯುವುದರಿಂದ, ಕೋಶವು ಎಲ್ಲಿ, ಹೇಗೆ ಬೆಳೆಯುತ್ತಿದೆ ಎಂಬುದೂ ತಿದ್ದುಪಡಿಯ ಫಲವನ್ನು ಬದಲಿಸಬಲ್ಲದು. 2012ರಲ್ಲಿ ಈ ಕತ್ತರಿ ಕೈಗೆ ಬಂದಾಗಿನಿಂದ ಅದರ ಹರಿತದ ಬಗ್ಗೆಯೇ ಹೆಚ್ಚು ಮಾತನಾಡಿದ್ದೇವೆ, ನಾನೂ ಸೇರಿ.

ಗೋಳ ತೀರಾ ದೊಡ್ಡದಾದರೆ ಆಮ್ಲಜನಕ ತಲುಪದೆ ನಡುವಿನ ಕೋಶಗಳು ಸಾಯುತ್ತವೆ, ಆದ್ದರಿಂದ ಇದನ್ನು ನಾಳೆಯೇ ಬಿಡಿ ಕೋಶಗಳಾಗಿ ಬಿಡಿಸಬೇಕು.