ಗದ್ದೆ ಉಳಿಸಿದ ಅಜ್ಜಿ

ನಮ್ಮ ಒಕ್ಕದ, ಅಂದರೆ ಕೊಡವ ಮನೆತನದ, ವಂಶಾವಳಿಯಲ್ಲಿ ಒಂದು ತೊಡಕಿತ್ತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಚಿಕ್ಕವೀರರಾಜನನ್ನು ಇಳಿಸಿ ಕೊಡಗನ್ನು ಕೈಗೆ ತೆಗೆದುಕೊಂಡ ಮೇಲಿನ ತಲೆಮಾರಿನಲ್ಲಿ ಪಟ್ಟೇದಾರ (ಒಕ್ಕದ ಯಜಮಾನ) ಆಗಿದ್ದ ಅಜ್ಜ, ಕಂದಾಯದ ಕಾಗದಗಳಲ್ಲಿ ನಮ್ಮ ಮನೆಹೆಸರಿನವನೇ. ಆದರೆ ದೊಡ್ಡಪ್ಪ ಮಾತ್ರ ಅವನನ್ನು ‘ಹೊಳೆಯಾಚೆಯಿಂದ ಬಂದವನು’ ಎನ್ನುತ್ತಿದ್ದರು.

ಈ ಹುಡುಕಾಟದ ಹುಚ್ಚು ಹಿಡಿಸಿದವಳು ನನ್ನ ಸೊಸೆ. ಅವಳು ಅಮೆರಿಕದ ವರ್ಜೀನಿಯಾದವಳು. ಹದಿನೇಳನೆಯ ಶತಮಾನದಲ್ಲಿ, ಅದಿನ್ನೂ ಇಂಗ್ಲಿಷರ ವಸಾಹತಾಗಿದ್ದಾಗ ಅಲ್ಲಿ ಜಮೀನು ಹೊಂದಿದ್ದ ತನ್ನ ವಿಧವೆ ಅಜ್ಜಿಯೊಬ್ಬಳನ್ನು ಪತ್ತೆ ಮಾಡಿದ್ದಾಳೆ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಗಂಡನಿರುವ ತನಕ ಹೆಂಡತಿಯ ಆಸ್ತಿ ಗಂಡನ ಕೈಯಲ್ಲಿ. ಗಂಡ ತೀರಿಕೊಂಡರೆ ಅವನ ಭೂಮಿಯ ಮೂರನೆಯ ಒಂದು ಪಾಲಿನ ಅನುಭೋಗ ಅವಳಿಗೆ ಬದುಕಿರುವವರೆಗೂ ಸಲ್ಲುತ್ತಿತ್ತು. ತನ್ನ ಹೆಸರಿನಲ್ಲೇ ಕರಾರು ಮಾಡಬಹುದಿತ್ತು, ದಾವೆ ಹೂಡಬಹುದಿತ್ತು. ಹಾಗಾಗಿ ಅಲ್ಲಿನ ನ್ಯಾಯಾಲಯದ ಹಳೆಯ ಕಡತಗಳಲ್ಲಿ ವಿಧವೆಯರು ಸಿಗುತ್ತಾರೆ.

ನಮ್ಮಲ್ಲಿ ಹಾಗೆ ಸಿಗುವುದಿಲ್ಲ. ವಂಶಪಾರಂಪರ್ಯವಾಗಿ ಬರುವ ಜಮ್ಮಾ ಭೂಮಿ ಆಗ ಒಬ್ಬರ ಸ್ವತ್ತಲ್ಲ, ಒಕ್ಕದ ಸ್ವತ್ತು. ದಾಖಲೆಯಲ್ಲಿ ಇರುತ್ತಿದ್ದುದು ಪಟ್ಟೇದಾರನ ಹೆಸರು. ವಿಧವೆಗೆ ಒಕ್ಕದಲ್ಲಿ ಅನ್ನ, ಬಟ್ಟೆ, ನೆಲೆ ಸಿಗುತ್ತಿತ್ತು, ಅಷ್ಟೇ. ಆದ್ದರಿಂದ ಗದ್ದೆಯ ಕಾಗದದಲ್ಲಿ ಹೆಣ್ಣಿನ ಹೆಸರು ಹುಡುಕುವುದನ್ನು ಬಿಟ್ಟು, ಆ ಅಜ್ಜ ಒಕ್ಕಕ್ಕೆ ಬಂದ ಬಗೆಯನ್ನು ಮದುವೆಯ ಕಡೆಯಿಂದ ಹುಡುಕಿದೆ.

ಕೊಡವರಲ್ಲಿ ಗಂಡು ಸಂತಾನವಿಲ್ಲದ ಮನೆಗೆ ಒಂದು ದಾರಿಯಿದೆ: ಒಕ್ಕಪರಿಜೆ. ಮಗಳಿಗೆ ಮದುವೆ ಮಾಡಿ ಅಳಿಯನನ್ನೇ ಒಕ್ಕಕ್ಕೆ ಸೇರಿಸಿಕೊಳ್ಳುವುದು. ಅವನು ತನ್ನ ಮನೆಹೆಸರು ಬಿಟ್ಟು ಹೆಣ್ಣಿನ ಮನೆಹೆಸರು ಹೊರುತ್ತಾನೆ. ‘ಹೊಳೆಯಾಚೆಯಿಂದ ಬಂದವನು’ ಬಂದದ್ದು ಹೀಗೆ. ಅವನನ್ನು ಕರೆಸಿದವಳು ಒಬ್ಬಳೇ ಮಗಳನ್ನು ಮಡಿಲಲ್ಲಿಟ್ಟುಕೊಂಡು ಗಂಡನನ್ನು ಕಳೆದುಕೊಂಡಿದ್ದ ಅವನ ಅತ್ತೆ ಎಂದು ದೊಡ್ಡಪ್ಪನ ಬಾಯಿಂದಲೇ ಕೇಳಿದೆ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಅದಕ್ಕೆ ಕಾಗದದ ಆಸರೆಯೂ ಸಿಕ್ಕಿತು. ದೊಡ್ಡಪ್ಪನ ಮರದ ಪೆಟ್ಟಿಗೆಯಲ್ಲಿ ಅಂಚು ಹುಳು ತಿಂದ ಎರಡು ಹಾಳೆಗಳಿವೆ. ಕಂದು ಮಸಿ, ಪದಗಳ ನಡುವೆ ಬಿಡುವೇ ಇಲ್ಲದ ಮೋಡಿ ಬರಹ. ಒಂದರಲ್ಲಿ ತೀರಿಕೊಂಡಿದ್ದ ಆ ಅತ್ತೆಯ ಗಂಡನ ಹೆಸರು, ಇನ್ನೊಂದರಲ್ಲಿ ಅಳಿಯನದು. ಗದ್ದೆಯ ಬಟ್ಟಿ (ಗದ್ದೆಯ ಅಳತೆ) ಲೆಕ್ಕ ಎರಡರಲ್ಲೂ ಒಂದೇ, ಕಂದಾಯದ ದರವೂ ಒಂದೇ: 100 ಬಟ್ಟಿಗೆ 5 ರೂಪಾಯಿ. ಅದು ಜಮ್ಮಾ ದರ. ಒಕ್ಕ ಅಳಿದು ಭೂಮಿ ಸರ್ಕಾರಕ್ಕೆ ಹೋಗಿ ಪೂರ್ತಿ ಕಂದಾಯದ ಸಾಗು ಭೂಮಿಯಾಗಿ ಮತ್ತೊಬ್ಬರ ಕೈ ಸೇರಿದ್ದರೆ ದರ 10 ರೂಪಾಯಿ ಆಗಿರುತ್ತಿತ್ತು. ಜಮ್ಮಾ ನಡುವೆ ಕಡಿಯಲಿಲ್ಲ. ಗದ್ದೆಯೂ ಅದರ ಮೇಲಿನ ಬಾಣೆಯೂ (ಗದ್ದೆಗೆ ಸೇರಿದ ಕಾಡು ಭೂಮಿ) ಉಳಿದವು. ಆ ಐದು ರೂಪಾಯಿಯ ಸಾಲನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಅಳಿಯನನ್ನು ಕರೆಸಿದ ಆ ಅಜ್ಜಿಯ ಧೈರ್ಯ ಸಣ್ಣದಲ್ಲ. ಗಂಡುಮಕ್ಕಳಿಲ್ಲದ ಕೊಡಗಿನ ರಾಜ ದೊಡ್ಡವೀರರಾಜ 1809ರಲ್ಲಿ ತೀರಿಕೊಂಡಾಗ ಮಗಳು ದೇವಮ್ಮಾಜಿ ಪಟ್ಟಕ್ಕೆ ಬಂದಳು. 1811ರಲ್ಲಿ ಚಿಕ್ಕಪ್ಪ ಲಿಂಗರಾಜ ಅದನ್ನು ಕಿತ್ತುಕೊಂಡ. ರಾಜನ ಮಗಳಿಗೇ ಆ ಗತಿಯಾದ ನಾಡಿನಲ್ಲಿ ಈಕೆ ಮಗಳ ಪಾಲಿನದನ್ನು ಕಾಪಾಡಿದಳು.

ಇನ್ನು ಆ ಅಜ್ಜಿಯ ತಾಮನೆ (ತವರು) ಗೊತ್ತಾಗಬೇಕು. ನಾಪೋಕ್ಲು, ಕಕ್ಕಬ್ಬೆ ಕಡೆಯ ಹಿರಿಯರಲ್ಲಿ ವಿಚಾರಿಸುತ್ತಿದ್ದೇನೆ. ನಿಮ್ಮ ಒಕ್ಕದಿಂದ ಆ ಕಾಲದಲ್ಲಿ ಹೊರಗೆ ಕೊಟ್ಟ ಹೆಣ್ಣೊಬ್ಬಳು ಬೇಗ ಗಂಡನನ್ನು ಕಳೆದುಕೊಂಡು, ಒಬ್ಬಳೇ ಮಗಳಿಗೆ ಒಕ್ಕಪರಿಜೆ ಮದುವೆ ಮಾಡಿಸಿದಳೆಂಬ ಮಾತು ಮನೆಯಲ್ಲಿ ಇದ್ದರೆ ದಯವಿಟ್ಟು ತಿಳಿಸಿ.