ಎರಡನೇ ಲಗಾಮು ಹಾಕಿದೊಡನೆ ಮರಿಗುದುರೆ ಒದೆಯುವುದೇಕೆ?

"ಒಂದೇ ಹಗ್ಗದಲ್ಲಿ ಸುತ್ತು ಹಾಕಿಸಿದರೆ ಸಮಾಧಾನವಾಗಿ ಹೋಗುತ್ತದೆ. ಸವಾರಿ ಮಾಡದೆ, ಎರಡು ಉದ್ದ ಲಗಾಮು ಹಿಡಿದು ನೆಲದಿಂದಲೇ ನಡೆಸುವ ಲಾಂಗ್ ರೈನಿಂಗ್‌ಗೆಂದು ಎರಡನೇ ಲಗಾಮು ಕಟ್ಟಿದರೆ ಸಾಕು, ಒದೆಯುತ್ತದೆ, ಇಲ್ಲವೇ ಓಟ ಕೀಳುತ್ತದೆ. ಏನು ಮಾಡಲಿ?" ಮರಿಗುದುರೆ ಪಳಗಿಸಲು ಹೊರಟವರೆಲ್ಲ ಕೇಳುವ ಪ್ರಶ್ನೆ ಇದು. ಹೆಚ್ಚಿನವರು ಕುದುರೆಯ ಸ್ವಭಾವವೇ ಸರಿಯಿಲ್ಲ ಎಂದುಕೊಂಡಿರುತ್ತಾರೆ. ಸ್ವಭಾವದ ಮಾತು ಆಮೇಲೆ. ಹಿಂಗಾಲಿಗೆ ಹಗ್ಗ ತಾಗಿದರೆ ಹೆದರಬೇಕಾಗಿಲ್ಲ ಎಂದು ಅದಕ್ಕೆ ಕಲಿಸಿದ್ದೀರಾ?

ಕುದುರೆಗೆ ಸುತ್ತಲೂ ಬಹುಪಾಲು ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂದಿನ ಜಾಗ ಮತ್ತು ಹಣೆಯ ಮುಂದಿನ ಚೂರು. ಆ ಕಾಣದ ಜಾಗದಲ್ಲಿ ಏನೋ ಹರಿದಾಡಿ ತೊಡೆಗೆ ತಾಗಿದರೆ ಒದೆಯುವುದು ಅಥವಾ ಓಡುವುದು ಅದರ ರಕ್ತದಲ್ಲೇ ಇದೆ. ಆದ್ದರಿಂದ ಲಗಾಮು ಕಟ್ಟುವ ಮೊದಲೇ ಹಗ್ಗದ ಪಾಠ ಮುಗಿದಿರಬೇಕು.

ತಲೆಯ ಬಳಿ ಒಬ್ಬರು ಹಿಡಿದು ನಿಲ್ಲಲಿ. ನೀವು ಭುಜದ ಪಕ್ಕ ನಿಂತು, ಮೆತ್ತನೆಯ ಹತ್ತಿ ಹಗ್ಗವನ್ನು ಬೆನ್ನ ಮೇಲೆ ಹಾಕಿ ಎಳೆಯಿರಿ. ಪಕ್ಕೆ, ಪಿರ್ರೆ, ತೊಡೆಯ ಹೊರಬದಿ, ಹಿಂಗಾಲಿನ ಗಿಣ್ಣು, ಕೊನೆಗೆ ಬಾಲದ ಕೆಳಗೆ, ಹೀಗೆ ಸಾಗಿ. ಇಲ್ಲಿ ಮುಖ್ಯವಾದದ್ದು ಹಗ್ಗವನ್ನು ಯಾವಾಗ ತೆಗೆಯುತ್ತೀರಿ ಎಂಬುದು. ಕುದುರೆ ಸರಿದಾಡಿದಾಗ ತೆಗೆದರೆ "ಸರಿದಾಡಿದರೆ ಹೋಗುತ್ತದೆ" ಎಂದು ಕಲಿಯುತ್ತದೆ. ಅದು ನಿಂತು ಉಸಿರುಬಿಟ್ಟಾಗ, ತಲೆ ತಗ್ಗಿಸಿದಾಗ ತೆಗೆಯಬೇಕು. ಎಡಗಡೆ ಒಪ್ಪಿದ್ದನ್ನು ಬಲಗಡೆಯೂ ಒಪ್ಪುತ್ತದೆ ಎಂದು ನಂಬಬೇಡಿ. ಎರಡು ಬದಿಗೂ ಮೊದಲಿನಿಂದ ಕಲಿಸಬೇಕು. ನಿಂತಾಗ ಒಪ್ಪಿದ ಮೇಲೆ ನಡೆಯುತ್ತಿರುವಾಗಲೂ ಇದನ್ನೇ ಮಾಡಿ.

ಸಾಮಾನಿನ ವಿಷಯಕ್ಕೆ ಬಂದರೆ, ಸುಮಾರು 8 ಮೀಟರ್ ಉದ್ದದ ಎರಡು ಹಗುರ ಲಗಾಮು ಬೇಕು. ದಪ್ಪ ಹಗ್ಗ ತನ್ನ ಭಾರದಿಂದಲೇ ಬಾಯನ್ನು ಎಳೆಯುತ್ತದೆ. ನೈಲಾನ್ ಅಂಗೈ ಸುಡುತ್ತದೆ. ಕೈಗವಸು, ಹೆಲ್ಮೆಟ್ ಇಲ್ಲದೆ ಶುರು ಮಾಡಬೇಡಿ. ಎರಡು ತುದಿಗಳನ್ನು ಒಂದಕ್ಕೊಂದು ಬಿಗಿಯಬಾರದು, ಲಗಾಮನ್ನು ಕೈಗೆ ಸುತ್ತಲೂಬಾರದು. ಸಿಕ್ಕು ಬಿದ್ದರೆ ಒಂದನ್ನು ಬಿಟ್ಟುಬಿಡಲು ಆಗಬೇಕು. ಬೆನ್ನಿಗೆ, ಹೊಟ್ಟೆ ಸುತ್ತಿ ಕಟ್ಟುವ, ಬಳೆಗಳಿರುವ ರೋಲರ್ ಪಟ್ಟಿ ಸಾಕು. ಅದಿಲ್ಲದಿದ್ದರೆ ಜೀನು ಹಾಕಿ, ಎರಡು ರಿಕಾಪುಗಳನ್ನು ಹೊಟ್ಟೆಯ ಕೆಳಗಿಂದ ಪಟ್ಟಿಯಲ್ಲಿ ಕಟ್ಟಿ, ಅವುಗಳೊಳಗಿಂದ ಲಗಾಮು ತೂರಿಸಬಹುದು.

ಲಗಾಮನ್ನು ಮೊದಮೊದಲು ಬಿಟ್‌ಗೆ (ಬಾಯೊಳಗಿನ ಕಡಿವಾಣಕ್ಕೆ) ಕಟ್ಟದೆ, ಮೂಗಿನ ಮೇಲೆ ಕೂರುವ ತಲೆಪಟ್ಟಿಯಾದ ಕ್ಯಾವೆಸನ್‌ನ ಪಕ್ಕದ ಬಳೆಗಳಿಗೆ ಕಟ್ಟಿ. ಕುದುರೆ ಹೆದರಿ ಎಗರಿದರೆ ಬಾಯಿ ಹಾಳಾಗುವುದಿಲ್ಲ. ಎರಡೂವರೆಯಿಂದ ನಾಲ್ಕೂವರೆ ವರ್ಷದವರೆಗೆ ಹಾಲುಹಲ್ಲು ಬೀಳುತ್ತಿರುತ್ತವೆ. ಬಿಟ್ ಹಾಕುವ ಮೊದಲು ಹಲ್ಲಿನ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಹಲ್ಲುನೋವಿಗೆ ತಲೆ ಕೊಡಹುವ ಕುದುರೆಯನ್ನು ಮೊಂಡ ಎನ್ನುವವರೇ ಹೆಚ್ಚು.

ಈಗ ಎರಡನೇ ಲಗಾಮು. ಸುತ್ತಲೂ ಬೇಲಿ ಇರುವ, ಜಾರದ ಅಂಗಳದಲ್ಲಿ ನಡುವೆ ನಿಂತು ಎಡಕ್ಕೆ ಸುತ್ತು ಹಾಕಿಸುತ್ತಿದ್ದೀರಿ ಎನ್ನಿ. ಒಳಗಿನ ಲಗಾಮು ಕ್ಯಾವೆಸನ್‌ನಿಂದ ನೇರ ನಿಮ್ಮ ಕೈಗೆ ಬರಲಿ, ಯಾವ ಬಳೆಯೊಳಗೂ ತೂರಿಸಬೇಡಿ. ಗಾಬರಿಯಾದಾಗ ತಲೆಯನ್ನು ನಿಮ್ಮತ್ತ ತಿರುಗಿಸಲು ಅದು ಬೇಕು. ಹೊರಗಿನದು ರೋಲರ್‌ನ ಹೊರಬಳೆಯೊಳಗಿಂದ ತೂರಿ, ಮೊದಲು ಬೆನ್ನ ಮೇಲಿಂದ ಕೈಗೆ ಬರಲಿ. ಹಾಗೆಯೇ ಕೆಲವು ಸುತ್ತು ನಡೆಸಿ, ಆಮೇಲೆ ಅದನ್ನು ಮೆಲ್ಲಗೆ ಪಿರ್ರೆಯ ಮೇಲಿಂದ ಹಿಂದಕ್ಕೆ ಜಾರಿಸಿ ಗಿಣ್ಣಿನ ಮೇಲ್ಭಾಗದಲ್ಲಿ ನಿಲ್ಲಿಸಿ. ಬಳೆ ತೀರಾ ಮೇಲಿದ್ದರೆ ಲಗಾಮು ಬಾಲದಡಿಗೆ ಏರುತ್ತದೆ. ಕುದುರೆ ಬಾಲ ಒತ್ತಿ ಅದನ್ನು ಹಿಡಿದುಕೊಂಡಿತೆಂದರೆ ಎಳೆಯಬಾರದು: ಎಳೆದಷ್ಟೂ ಬಿಗಿ ಹಿಡಿಯುತ್ತದೆ. ಸಡಿಲ ಬಿಟ್ಟು ಮುಂದೆ ನಡೆಸಿದರೆ ತಾನೇ ಬಿಡುತ್ತದೆ.

ಓಟ ಕಿತ್ತರೂ ಅಷ್ಟೇ. ಹೊರಗಿನದನ್ನು ಸಡಿಲಿಸಿ, ಒಳಗಿನದನ್ನು ಸ್ಥಿರವಾಗಿಟ್ಟು, ಅದೇ ಸುತ್ತಿನಲ್ಲಿ ಬಿಡಿ, ಮಾತಿನಲ್ಲಿ ಸಮಾಧಾನಪಡಿಸಿ. ಎರಡನ್ನೂ ಜಗ್ಗಿದರೆ ಓಡಲೂ ಆಗದೆ ನಿಲ್ಲಲೂ ಆಗದೆ ಎಗರುತ್ತದೆ. ಕೆಲವು ಮರಿಗಳು ತಿರುಗಿ ನಿಮ್ಮ ಮುಖ ನೋಡುತ್ತ ನಿಲ್ಲುತ್ತವೆ. ನೀವು ಭುಜಕ್ಕಿಂತ ಮುಂದೆ ಬಂದಿರುತ್ತೀರಿ, ಇಲ್ಲವೇ ಒಳಗಿನದನ್ನು ಹೆಚ್ಚು ಎಳೆದಿರುತ್ತೀರಿ. ಸೊಂಟದ ನೇರಕ್ಕೆ ಹಿಂದೆ ಸರಿಯಿರಿ.

ಎರಡೂ ದಿಕ್ಕಿನ ಸುತ್ತು ಸಲೀಸಾದ ಮೇಲೆ ಎರಡೂ ಲಗಾಮನ್ನು ಬಳೆಗಳೊಳಗೆ ತೂರಿಸಿ, ನೀವು ಹಿಂದಕ್ಕೆ ಬಂದು ನೇರ ನಡೆಸಬಹುದು. ಆಗಲೂ ನೇರ ಬಾಲದ ಹಿಂದೆ ಬೇಡ. ತುಸು ಪಕ್ಕಕ್ಕೆ, ಒದೆತಕ್ಕೆ ಸಿಗದಷ್ಟು ದೂರ, 3 ಮೀಟರಿನಷ್ಟಾದರೂ ಇರಲಿ. ತಿರುಗಿಸುವಾಗ ಒಳಗಿನದನ್ನು ತೆಗೆದುಕೊಂಡಷ್ಟೇ ಹೊರಗಿನದನ್ನು ಕೊಡಬೇಕು. ಇದನ್ನು ಮರೆತರೆ ಕುದುರೆ ಕೊರಳು ಬಾಗಿಸಿ ನೇರವೇ ಹೋಗುತ್ತದೆ. ನಿಲ್ಲಿಸಲು ಮೊದಲು ಮಾತು, ಆಮೇಲೆ ಬೆರಳು ಬಿಗಿ, ನಿಂತ ಕ್ಷಣ ಸಡಿಲ. ಹಿಂದಕ್ಕೆ ನಡೆಸುವುದನ್ನು ಈಗಲೇ ಕಲಿಸಬೇಡಿ, ಅದು ತಪ್ಪಿಸಿಕೊಳ್ಳುವ ದಾರಿಯಾಗುತ್ತದೆ. ಹದಿನೈದು ಇಪ್ಪತ್ತು ನಿಮಿಷ ಸಾಕು.

ಬಿಚ್ಚುವಾಗ ಕುದುರೆಯನ್ನು ನಿಲ್ಲಿಸಿ, ತಲೆಯ ಬಳಿ ಒಬ್ಬರನ್ನು ನಿಲ್ಲಿಸಿ, ಹೊರಗಿನ ಲಗಾಮನ್ನು ಮೊದಲು ಬಿಚ್ಚಿ ಬೆನ್ನ ಮೇಲಿಂದ ತನ್ನಿ. ಕಾಲ ಬಳಿ ಹಗ್ಗ ಬಿದ್ದಿರುವಾಗ ಕುದುರೆಯನ್ನು ಒಂದು ಹೆಜ್ಜೆಯೂ ನಡೆಸಬೇಡಿ.