‘ಅವರಿಬ್ಬರು ಒಬ್ಬರಿಗೊಬ್ಬರು ಏನಾಗಬೇಕು?’

ಹದಿಹರೆಯದವರಿಗಾಗಿ ನಾನು ಬರೆದ ಕಾದಂಬರಿಯಲ್ಲಿ, ಬೀದರಿನ ನೌಬಾದದ ಸುರಂಗ ಬಾವಿಯೊಳಗೆ ಒಂದು ಮನೆಯಿದೆ. ಅಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು, ಕಪ್ಪಾಗಿಸಿದ ಲೋಹದ ಮೇಲೆ ಬೆಳ್ಳಿ ಕುಸುರಿ ಕೂರಿಸುವ ಬಿದ್ರಿ ಕೆಲಸದ ಗಂಗವ್ವ, ಜೋಳದ ರೊಟ್ಟಿ ಮಾರುವ ಹಲೀಮಾ ಮತ್ತು ಮಳೆಯ ಹಿಂದಿನ ದಿನ ಮಾತ್ರ ಮಾತನಾಡುವ ಬಾವಲಿಯೊಂದು ವಾಸವಾಗಿರುತ್ತಾರೆ. ಓದಿದವರು ಬಾವಲಿಯನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತಾರೆ. ಆ ಹೆಂಗಸರಿಬ್ಬರು ಒಬ್ಬರಿಗೊಬ್ಬರು ಏನಾಗಬೇಕು ಎಂದು ಕೇಳದೆ ಮಾತ್ರ ಬಿಡುವುದಿಲ್ಲ.

ಬಾಯಿಂದ ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಬರೆದಿಡುತ್ತೇನೆ. ಅವರಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸಿ ಜೊತೆಗಿದ್ದಾರೆ. ಅಕ್ಕತಂಗಿಯರಲ್ಲ, ವಾರಗಿತ್ತಿಯರೂ ಅಲ್ಲ. ಹುಡುಗಿ ಅವರ ಸಾಕುಮಗಳು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಪ್ರೀತಿ ಅಪರಾಧವಲ್ಲವೆಂದು ಹೇಳಿತು; 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಮದುವೆಯ ಹಕ್ಕನ್ನು ಮಾನ್ಯ ಮಾಡಲಿಲ್ಲ. ಆದ್ದರಿಂದ ಕಾಗದದ ಮೇಲೆ ಅವರು ಒಬ್ಬರಿಗೊಬ್ಬರು ಏನೂ ಆಗುವುದಿಲ್ಲ. ನಾನು ಕಾದಂಬರಿ ಬರೆಯಲು ಕೂತದ್ದೇ ಆ ‘ಏನೂ ಇಲ್ಲ’ದ ಜಾಗದಲ್ಲಿ.

ಕಲಬುರಗಿಯ ಶಾಲೆಯೊಂದರ ಗ್ರಂಥಾಲಯದಲ್ಲಿ ಕಥೆ ಓದಿದ ಮೇಲೆ ಶಿಕ್ಷಕರೊಬ್ಬರು ಎದ್ದು, ‘ಮಕ್ಕಳಿಗೆ ಸರಿಯಾದ ಕುಟುಂಬವನ್ನು ತೋರಿಸಬಾರದೇ?’ ಎಂದರು. ‘ಸರಿಯಾದ’ ಎಂಬ ಆ ಮಾತು ಇಂದಿಗೂ ನನ್ನನ್ನು ಕೆರಳಿಸುತ್ತದೆ. ಕಲಬುರಗಿ, ಯಾದಗಿರಿಯ ಊರುಗಳಿಂದ ಎಷ್ಟೋ ತಂದೆತಾಯಂದಿರು ಕಟ್ಟಡ ಕೆಲಸಕ್ಕೆಂದು ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋದಾಗ ಮಕ್ಕಳು ಅಜ್ಜಿಯ ಬಳಿ, ದೊಡ್ಡವ್ವನ ಬಳಿ, ಕೆಲವೊಮ್ಮೆ ಹನ್ನೆರಡು ವರ್ಷದ ಅಕ್ಕನ ಬಳಿ ಉಳಿಯುತ್ತಾರೆ. ಎರಡನೆಯ ಸಾಲಿನ ಹುಡುಗಿಯ ಮುಂದೆ ಒಪ್ಪಿಗೆ ಪತ್ರವೊಂದು ತೆರೆದಿತ್ತು. ‘ತಂದೆಯ ಸಹಿ’ ಎಂದು ಅಚ್ಚಾದ ಅಕ್ಷರಗಳ ಮೇಲೆಯೇ ನೀಲಿ ಶಾಯಿಯ ಹೆಬ್ಬೆಟ್ಟು, ಅಜ್ಜಿಯದು.

ಅದೂ ಯಾವ ಸೀಮೆಯಲ್ಲಿ ಈ ಪ್ರಶ್ನೆ! ಹನ್ನೆರಡನೆಯ ಶತಮಾನದಲ್ಲಿ ಇದೇ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿ ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮಧುವರಸರ ಮಗಳಿಗೂ ಮದುವೆಯಾಯಿತೆಂದು, ಅದಕ್ಕಾಗಿ ಇಬ್ಬರೂ ತಂದೆಯರನ್ನು ಕೊಲ್ಲಿಸಲಾಯಿತೆಂದು ಶರಣ ಪರಂಪರೆ ಹೇಳುತ್ತದೆ. ಸಂಬಂಧ ಸರಿಯೋ ತಪ್ಪೋ ಎಂದು ಅಳೆಯುವ ಕೋಲಿಗೆ ಎಷ್ಟು ರಕ್ತ ಹತ್ತಿದೆಯೆಂಬುದನ್ನು ನಾವೂ ಮರೆತರೆ ಹೇಗೆ?

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆ ಹುಡುಗಿಗೆ ಜ್ವರ ಬಂದ ರಾತ್ರಿ ಯಾರು ಏಳುತ್ತಾರೆ? ಆ ಅಧ್ಯಾಯವನ್ನು ನಾನು ಆರು ಸಲ ತಿದ್ದಿದೆ. ಗಂಗವ್ವ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಸತು ತಾಮ್ರದ ಹೂಜಿಯನ್ನು ಕಪ್ಪಾಗಿಸಿ, ಕೈ ತೊಳೆಯದೆಯೇ ಮಲಗಿರುತ್ತಾಳೆ. ಬೆಳಗ್ಗೆ ಹುಡುಗಿ ಕನ್ನಡಿ ನೋಡಿಕೊಂಡರೆ ಹಣೆಯ ಮೇಲೆ ನಾಲ್ಕು ಕಪ್ಪು ಬೆರಳು. ಎದ್ದವರು ಯಾರೆಂದು ಅವಳಿಗೆ ತಿಳಿಯುತ್ತದೆ. ಹಲೀಮಾ ಏಳದಿದ್ದುದಕ್ಕೆ ಅವಳು ಎರಡು ದಿನ ಮುನಿಸಿಕೊಳ್ಳುತ್ತಾಳೆ ಕೂಡ.

ಅಂದು ಎಲ್ಲರೂ ಹೊರಟ ಮೇಲೆ ಎರಡನೆಯ ಸಾಲಿನ ಹುಡುಗಿ ಹತ್ತಿರ ಬಂದು ಕೇಳಿದ್ದು ಒಂದೇ: ‘ಆ ಕಪ್ಪು ತೊಳೆದರೆ ಹೋಗ್ತದೇನ್ರಿ?’

ಮೂರು ದಿನ ಬೇಕಾಗುತ್ತದೆ ಎಂದೆ.